ಅಮೃತಬಳ್ಳಿ ಮನೆತನದ ಕಥೆ: ಗಿಡ ಮದ್ದಾದದ್ದು ಹೇಗೆ, ಲಿವರ್‌ಗೆ ಕುತ್ತಾದದ್ದು ಹೇಗೆ?

ನಿಮ್ಮ ಮನೆಯಲ್ಲೂ ಅಮೃತಬಳ್ಳಿ ಇರಬಹುದು. ಬಾಲ್ಕನಿಯ ಕುಂಡದಲ್ಲಿ, ಸೊಸೈಟಿ ಕಾಂಪೌಂಡಿನ ಬೇವಿನ ಮರಕ್ಕೆ ಹಬ್ಬಿಕೊಂಡು, ಇಲ್ಲವೇ ಫ್ರಿಜ್ಜಿನೊಳಗೆ ಜ್ಯೂಸ್ ಬಾಟಲಿಯಾಗಿ. ಮುಂಬೈ, ಪುಣೆಯ ಅಂಗಡಿಯಲ್ಲಿ ಅದು ಗುಳವೇಲ್, ದೆಹಲಿಯಲ್ಲಿ ಗಿಲೋಯ್, ಹೈದರಾಬಾದಿನಲ್ಲಿ ತಿಪ್ಪತೀಗ, ಚೆನ್ನೈನಲ್ಲಿ ಸೀಂದಿಲ್. ಸಂಸ್ಕೃತದ ಹೆಸರು ಗುಡೂಚಿ. ಊರಿಂದ ಅಮ್ಮನೋ ಅತ್ತೆಯೋ ಫೋನ್ ಮಾಡಿ, ‘ದಿನಾ ಒಂದು ಎಲೆ ಜಗಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತೆ’ ಎಂದು ಹೇಳಿರಲೂಬಹುದು.

ಕೋವಿಡ್ ಕಾಲದಲ್ಲಿ ಈ ಬಳ್ಳಿಗೆ ಬಂದ ಬೇಡಿಕೆ ಇನ್ನೂ ಪೂರ್ತಿ ಇಳಿದಿಲ್ಲ. ಆ ಭಯ ಹೋಯಿತು, ಕಷಾಯದ ಅಭ್ಯಾಸ ಉಳಿಯಿತು. ಡೆಂಗಿ ಸೀಸನ್ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಸಲಹೆ ಮತ್ತೆ ಸುತ್ತು ಹೊಡೆಯುತ್ತದೆ. ಇದರಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದೆ ಎಂದು ವೈದ್ಯರು ಹೇಳಿದಾಗ ಬರುವ ಮರುಪ್ರಶ್ನೆಯೂ ಒಂದೇ: ‘ಸಾವಿರಾರು ವರ್ಷಗಳಿಂದ ಬಳಸುತ್ತಿರುವ ಗಿಡ, ಅದು ಹೇಗೆ ಕೆಡುಕು ಮಾಡೀತು?’

ಇದು ನ್ಯಾಯವಾದ ಪ್ರಶ್ನೆ. ಮನುಷ್ಯನಿಗೆ ಸಿಕ್ಕ ಮೊದಲ ಔಷಧ ಗಿಡವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಉತ್ತರಕ್ಕಾಗಿ ಎಲ್ಲ ಗಿಡಗಳ ಇತಿಹಾಸವನ್ನೂ ಕೆದಕಬೇಕಿಲ್ಲ. ಅಮೃತಬಳ್ಳಿಯ ಬಂಧುಬಳಗವನ್ನು ವಿಚಾರಿಸಿದರೆ ಸಾಕು. ಸಸ್ಯಶಾಸ್ತ್ರದಲ್ಲಿ ಇದರ ಕುಟುಂಬಕ್ಕೆ ಮೆನಿಸ್ಪರ್ಮೇಸಿ ಎನ್ನುತ್ತಾರೆ. ಹೆಚ್ಚಿನವು ಬಳ್ಳಿಗಳು. ನೀರಿನಲ್ಲಿ ಹಿಚುಕಿಟ್ಟರೆ ಲೋಳೆಯಂತೆ ಗಟ್ಟಿಯಾಗುವ ನಮ್ಮ ದಾಗಡಿ ಸೊಪ್ಪು ಕೂಡ ಇದೇ ಮನೆತನದ್ದು.

ಒರಾಂಗುಟಾನ್ ಹಚ್ಚಿಕೊಂಡ ಸೊಪ್ಪು

2022ರ ಜೂನ್. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಗುನುಂಗ್ ಲ್ಯೂಸರ್ ರಾಷ್ಟ್ರೀಯ ಉದ್ಯಾನದಲ್ಲಿ ಸಂಶೋಧಕರು ರಾಕುಸ್ ಎಂಬ ಗಂಡು ಒರಾಂಗುಟಾನನ್ನು ಗಮನಿಸುತ್ತಿದ್ದರು. ಅದರ ಮುಖದ ಮೇಲೆ, ಕಣ್ಣಿನ ಕೆಳಗೆ, ಹಸಿ ಗಾಯವಿತ್ತು. ಕೆಲವು ದಿನಗಳ ನಂತರ ಅದು ಒಂದು ಬಳ್ಳಿಯ ಎಲೆ ಕಿತ್ತು ಜಗಿದು, ರಸವನ್ನು ಬೆರಳಿನಿಂದ ಗಾಯಕ್ಕೆ ಮತ್ತೆ ಮತ್ತೆ ಹಚ್ಚಿತು. ಆಮೇಲೆ ಜಗಿದ ಸೊಪ್ಪಿನ ಮುದ್ದೆಯನ್ನೇ ಗಾಯ ಮುಚ್ಚುವಂತೆ ಮೆತ್ತಿಕೊಂಡಿತು. ಐದು ದಿನಗಳೊಳಗೆ ಗಾಯ ಕೂಡಿಕೊಂಡಿತ್ತು. 2024ರ ಮೇ ತಿಂಗಳಲ್ಲಿ ಈ ವರದಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು.

ಆ ಬಳ್ಳಿಯ ಹೆಸರು ಫೈಬ್ರೌರಿಯಾ ಟಿಂಕ್ಟೋರಿಯಾ. ಅಲ್ಲಿನ ಜನರ ಬಾಯಲ್ಲಿ ‘ಅಕಾರ್ ಕುನಿಂಗ್’, ಅಂದರೆ ಹಳದಿ ಬೇರು. ಜ್ವರ, ನೋವಿಗೆ ಅವರೂ ಬಳಸುತ್ತಾರೆ. ಅದು ಅಮೃತಬಳ್ಳಿಯ ಕುಟುಂಬದ್ದೇ ಬಳ್ಳಿ.

ಒಂದು ಪ್ರಾಣಿ ಒಂದು ಸಲ ಮಾಡಿದ ಕೆಲಸವಿದು. ರಾಕುಸ್ ಅದನ್ನು ಎಲ್ಲಿ ಕಲಿಯಿತೋ, ಆಕಸ್ಮಿಕವಾಗಿ ಕಂಡುಕೊಂಡಿತೋ ಎಂಬ ಪ್ರಶ್ನೆಯನ್ನು ಸಂಶೋಧಕರೇ ಎತ್ತಿದ್ದಾರೆ. ಆದರೂ ಇನ್ನೊಂದು ಸಾಕ್ಷ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸ್ಪೇನ್ ದೇಶದ ಎಲ್ ಸಿಡ್ರೋನ್ ಗುಹೆಯಲ್ಲಿ ಸಿಕ್ಕ, ಸುಮಾರು 50,000 ವರ್ಷ ಹಿಂದಿನ ನಿಯಾಂಡರ್ತಾಲ್ ಮಾನವರ ಹಲ್ಲಿನ ಪಾಚಿಯಲ್ಲಿ ಕ್ಯಾಮೊಮೈಲ್‌ನಂಥ ಕಹಿ ಗಿಡಗಳ ಅಂಶಗಳು ಪತ್ತೆಯಾಗಿದ್ದವು. ಹೊಟ್ಟೆ ತುಂಬಿಸದ, ನಾಲಿಗೆಗೆ ಒಗ್ಗದ ಸೊಪ್ಪನ್ನು ಯಾರಾದರೂ ಏಕೆ ತಿಂದಾರು? ಮದ್ದಿಗೆ ಇರಬೇಕು ಎಂಬುದು ಅಧ್ಯಯನ ಮಾಡಿದವರ ಊಹೆ. ನಾವು ‘ನಾಗರಿಕತೆ’ ಎನ್ನುವುದಕ್ಕಿಂತ ಬಹಳ ಹಿಂದೆಯೇ ಗಿಡದ ಮದ್ದು ಶುರುವಾಗಿತ್ತು ಎನ್ನಲು ಇಷ್ಟು ಸಾಕು.

ರಾಕುಸ್ ಮಾಡಿದ್ದರಲ್ಲಿ ಒಂದು ಅಂಶವನ್ನು ನೆನಪಿಟ್ಟುಕೊಳ್ಳಿ. ಅದು ಒಂದು ನಿರ್ದಿಷ್ಟ ಬಳ್ಳಿಯ ಎಲೆಯನ್ನು, ಗಾಯವಾದ ಜಾಗಕ್ಕೆ ಬಳಸಿತು.

ಹಳೆಯ ಗ್ರಂಥಗಳು ಏನು ಬರೆದಿಟ್ಟವು?

ಮನುಷ್ಯ ಬರೆಯಲು ಕಲಿತ ಮೇಲೆ ಮದ್ದಿನ ಪಟ್ಟಿಗಳೂ ಹುಟ್ಟಿದವು. ಈಜಿಪ್ಟಿನ ಎಬರ್ಸ್ ಪಪೈರಸ್ ಕ್ರಿ.ಪೂ. 1550ರ ಸುಮಾರಿನದು. ಅದರಲ್ಲಿ ಗಿಡಗಳ ಹೆಸರು ಮಾತ್ರ ಇದೆ ಎಂದುಕೊಂಡರೆ ತಪ್ಪು. ಎಷ್ಟು ಅಳತೆ, ಯಾವುದರ ಜೊತೆ ಬೆರೆಸಬೇಕು, ಎಷ್ಟು ದಿನ ಕುಡಿಯಬೇಕು ಎಂಬುದೂ ಇದೆ. ‘ನಾಲ್ಕು ದಿನ’ ಎಂಬ ಮಿತಿ ಅಲ್ಲಿ ಮತ್ತೆ ಮತ್ತೆ ಬರುತ್ತದೆ.

ನಮ್ಮ ಚರಕ ಸಂಹಿತೆ ಇನ್ನೂ ಖಡಕ್ಕಾಗಿದೆ. ಅದರ ಮೊದಲ ಅಧ್ಯಾಯದಲ್ಲೇ ಎರಡು ಮಾತುಗಳಿವೆ. ದನ, ಕುರಿ ಕಾಯುವವರಿಗೂ ಕಾಡಿನಲ್ಲಿ ವಾಸಿಸುವವರಿಗೂ ಗಿಡಗಳ ಹೆಸರು, ರೂಪ ಗೊತ್ತಿರುತ್ತದೆ. ಆದರೆ ಹೆಸರು, ರೂಪ ಗೊತ್ತಿದ್ದ ಮಾತ್ರಕ್ಕೆ ಅದನ್ನು ಯಾರಿಗೆ ಹೇಗೆ ಕೊಡಬೇಕೆಂದು ಗೊತ್ತಾಗುವುದಿಲ್ಲ ಎಂಬುದು ಒಂದು. ಸರಿಯಾಗಿ ಬಳಸಿದರೆ ವಿಷವೂ ಮದ್ದಾಗುತ್ತದೆ, ತಪ್ಪಾಗಿ ಬಳಸಿದರೆ ಮದ್ದೂ ವಿಷವಾಗುತ್ತದೆ ಎಂಬುದು ಇನ್ನೊಂದು. ‘ಆಯುರ್ವೇದದ್ದು, ಸೈಡ್ ಎಫೆಕ್ಟ್ ಇಲ್ಲ’ ಎಂದು ಇಂದು ಸಲೀಸಾಗಿ ಹೇಳುತ್ತೇವಲ್ಲ, ಆಯುರ್ವೇದದ ಮೂಲಗ್ರಂಥವೇ ಅದನ್ನು ಒಪ್ಪುವುದಿಲ್ಲ.

ಬಾಣದ ವಿಷ ಆಪರೇಷನ್ ಥಿಯೇಟರಿಗೆ ಬಂದದ್ದು

ಬಳ್ಳಿಯ ಕುಟುಂಬಕ್ಕೆ ಮರಳೋಣ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಈ ಮನೆತನದ ಇನ್ನೊಂದು ಬಳ್ಳಿಯಿದೆ, ಕಾಂಡ್ರೊಡೆಂಡ್ರಾನ್. ಅದರ ತೊಗಟೆ, ಕಾಂಡವನ್ನು ಕುದಿಸಿ ಕುದಿಸಿ ಪಾಕ ಮಾಡಿ ಅಲ್ಲಿನ ಜನ ಬಾಣದ ತುದಿಗೆ ಸವರುತ್ತಿದ್ದರು. ಹೆಸರು ಕ್ಯುರಾರೆ. ಬಾಣ ತಗುಲಿದ ಪ್ರಾಣಿಯ ಸ್ನಾಯುಗಳು ಸಡಿಲವಾಗಿ, ಕೊನೆಗೆ ಉಸಿರಾಡುವ ಸ್ನಾಯುವೂ ನಿಂತು ಅದು ಸಾಯುತ್ತಿತ್ತು. ಆ ಮಾಂಸವನ್ನು ತಿಂದವರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಏಕೆಂದರೆ ರಕ್ತಕ್ಕೆ ನೇರವಾಗಿ ಸೇರಿದರೆ ಕೊಲ್ಲುವ ಈ ವಿಷ, ಹೊಟ್ಟೆಯ ದಾರಿಯಿಂದ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ವಸ್ತು ಅದೇ, ದಾರಿ ಬೇರೆಯಾದರೆ ಫಲ ಬೇರೆ.

ಕಾಡಿನವರು ಅಂದಾಜಿನ ಮೇಲೆ ಕೆಲಸ ಮಾಡುತ್ತಿರಲಿಲ್ಲ. ಪಾಕದ ಬಲ ಅಳೆಯಲು ಅವರಿಗೆ ಅವರದೇ ಲೆಕ್ಕವಿತ್ತು: ಬಾಣ ತಗುಲಿದ ಕೋತಿ ಒಂದೇ ಮರ ಹಾರಿ ಬಿದ್ದರೆ ಪಾಕ ಜೋರು, ಮೂರು ಮರ ಹಾರುವಷ್ಟು ಹೊತ್ತು ತಾಳಿದರೆ ಸಪ್ಪೆ. ಇದನ್ನು ಡೋಸ್ ಎನ್ನದೆ ಬೇರೇನು ಹೇಳುವುದು?

1814ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಹೆಣ್ಣು ಕತ್ತೆಗೆ ಕ್ಯುರಾರೆ ಕೊಟ್ಟು, ಉಸಿರು ನಿಂತೊಡನೆ ಗಂಟಲಿಗೆ ತೂತು ಮಾಡಿ ತಿದಿಯಿಂದ ಗಾಳಿ ಊದುತ್ತಾ ಹೋದರು. ವಿಷದ ಪ್ರಭಾವ ಇಳಿದ ಮೇಲೆ ಕತ್ತೆ ಎದ್ದು ನಿಂತಿತು! ಹೃದಯಕ್ಕೆ ಏನೂ ಆಗಿರಲಿಲ್ಲ, ಉಸಿರೊಂದೇ ನಿಂತಿತ್ತು ಎಂಬುದು ಗೊತ್ತಾಯಿತು. 1935ರಲ್ಲಿ ಹ್ಯಾರಲ್ಡ್ ಕಿಂಗ್ ಎಂಬ ವಿಜ್ಞಾನಿ ಮ್ಯೂಸಿಯಮ್ಮಿನ ಹಳೆಯ ಮಾದರಿಯೊಂದರಿಂದ ಟ್ಯುಬೊಕ್ಯುರರಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾರಲ್ಡ್ ಗ್ರಿಫಿತ್, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಮಲಗಿದ್ದ ಯುವಕನೊಬ್ಬನಿಗೆ ಕ್ಯುರಾರೆಯ ಸಾರವನ್ನು ಅರಿವಳಿಕೆಯ ಜೊತೆ ಕೊಟ್ಟರು. (ಅದು ನಡೆದದ್ದು ಹೋಮಿಯೋಪಥಿಕ್ ಆಸ್ಪತ್ರೆ ಎಂಬ ಹೆಸರಿನ ಆಸ್ಪತ್ರೆಯಲ್ಲಿ ಎಂಬುದು ಇತಿಹಾಸದ ತಮಾಷೆ.) ಹೊಟ್ಟೆಯ ಸ್ನಾಯುಗಳು ಸಡಿಲವಾದವು, ಸರ್ಜನ್ನರ ಕೆಲಸ ಸುಲಭವಾಯಿತು, ರೋಗಿ ಚೆನ್ನಾಗಿ ಎದ್ದ.

ಇಂದು ನಿಮ್ಮವರೊಬ್ಬರನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದಾಗ ಅಥವಾ ಐಸಿಯುನಲ್ಲಿ ವೆಂಟಿಲೇಟರಿಗೆ ಹಾಕಿದಾಗ ಬಳಸುವ ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ ಇಂಜೆಕ್ಷನ್ನುಗಳು ಈ ಬಾಣದ ವಿಷ ತೋರಿದ ದಾರಿಯಲ್ಲೇ ಬಂದವು. ಹೆಸರಿನಲ್ಲೇ ‘ಕ್ಯುರ್’ ಉಳಿದಿದೆ ನೋಡಿ. ಗ್ರಿಫಿತ್ ಬಳಸಿದ ಔಷಧದ ಪ್ರತಿ ತಂಡದ ಬಲವನ್ನೂ ಮೊದಲು ಮೊಲದ ಮೇಲೆ ಪರೀಕ್ಷಿಸಲಾಗುತ್ತಿತ್ತು: ಎಷ್ಟು ಕೊಟ್ಟರೆ ಮೊಲದ ತಲೆ ವಾಲುತ್ತದೆ ಎಂದು. ಹಾಗಾಗಿ ಒಂದು ಬಾಟಲಿಗೂ ಇನ್ನೊಂದಕ್ಕೂ ಬಲ ಒಂದೇ ಇರುತ್ತಿತ್ತು. ವಿಷ ಔಷಧವಾದದ್ದು ಈ ಅಳತೆಯಿಂದ.

ಹೆಸರು ಒಂದೇ, ಗಿಡ ಬೇರೆ

ಅಳತೆ ಸರಿಯಿದ್ದೂ ಗಿಡವೇ ತಪ್ಪಾದರೆ? ಇದಕ್ಕೂ ಈ ಕುಟುಂಬದಲ್ಲೇ ಉದಾಹರಣೆಯಿದೆ, ಬೆಲ್ಜಿಯಂನ ಬ್ರಸೆಲ್ಸ್ ನಗರದ್ದು. 1990ರ ಹೊತ್ತಿಗೆ ಅಲ್ಲಿನ ತೂಕ ಇಳಿಸುವ ಕ್ಲಿನಿಕ್ಕೊಂದರ ಮಾತ್ರೆಗಳಿಗೆ ಚೀನೀ ಗಿಡಮೂಲಿಕೆಗಳನ್ನು ಸೇರಿಸಲಾಯಿತು. ಅದರಲ್ಲಿ ಇರಬೇಕಾಗಿದ್ದ ಒಂದು, ಸ್ಟಿಫಾನಿಯಾ ಎಂಬ ಬಳ್ಳಿಯ ಬೇರು. ಇದೂ ಅಮೃತಬಳ್ಳಿಯ ಕುಟುಂಬದ್ದೇ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಫಾಂಗ್ ಜಿ’. ಆದರೆ ಅದೇ ಹೆಸರಿನಲ್ಲಿ ಮಾರುವ ಇನ್ನೊಂದು ಬಳ್ಳಿ ಇದೆ, ಅರಿಸ್ಟೊಲೋಕಿಯಾ. ಅದರ ಕುಟುಂಬವೇ ಬೇರೆ. ಮಾತ್ರೆಗೆ ಸೇರಿದ್ದು ಅದು.

ತಿಂದವರಲ್ಲಿ ಹೆಚ್ಚಿನವರು ಮಹಿಳೆಯರು. ಆರೋಗ್ಯವಾಗಿದ್ದ ಇವರ ಕಿಡ್ನಿಗಳು ಒಂದೊಂದಾಗಿ ಕೈಕೊಟ್ಟವು. ವೈದ್ಯರು 1993ರಲ್ಲಿ ಮೊದಲ ವರದಿ ಪ್ರಕಟಿಸಿದರು. ಕೊನೆಗೆ ನೂರಕ್ಕೂ ಹೆಚ್ಚು ಪ್ರಕರಣಗಳು ಬೆಳಕಿಗೆ ಬಂದವು. ಅನೇಕರಿಗೆ ಡಯಾಲಿಸಿಸ್, ಕಿಡ್ನಿ ಕಸಿ ಬೇಕಾಯಿತು, ಕೆಲವರಿಗೆ ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರ್ ಬಂತು. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ವರ್ಗೀಕರಿಸಿದೆ. ನಮ್ಮ ಕಡೆ ಹಾವು ಕಡಿತಕ್ಕೆಂದು ಇಟ್ಟುಕೊಳ್ಳುವ ಈಶ್ವರಬೇರು ಅರಿಸ್ಟೊಲೋಕಿಯಾ ಗಿಡವೇ. ಮನೆಯಲ್ಲಿದ್ದರೆ ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ಮುಂಬೈನಲ್ಲಿ ಕಂಡದ್ದು

ಈಗ ಅಮೃತಬಳ್ಳಿಗೆ ಬರೋಣ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನ ಲಿವರ್ ತಜ್ಞರು ಕಾಮಾಲೆಯಿಂದ ಬಂದ ಆರು ರೋಗಿಗಳಲ್ಲಿ ಒಂದು ಹೋಲಿಕೆ ಕಂಡರು. ಸಾಮಾನ್ಯ ವೈರಸ್‌ಗಳ ಪರೀಕ್ಷೆಯಲ್ಲಿ ಕಾರಣ ಸಿಗಲಿಲ್ಲ. ಎಲ್ಲರೂ ಇಮ್ಯುನಿಟಿಗೆಂದು ಗುಳವೇಲ್ ತೆಗೆದುಕೊಳ್ಳುತ್ತಿದ್ದರು. ಕೆಲವರಿಗೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಬಯಾಪ್ಸಿಯಲ್ಲಿ ಕಂಡ ಚಿತ್ರ ‘ಆಟೊಇಮ್ಯೂನ್ ಹೆಪಟೈಟಿಸ್’ ಅನ್ನು ಹೋಲುತ್ತಿತ್ತು. ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬಿದ್ದಂತೆ. ಒಬ್ಬರು ತೀರಿಕೊಂಡರು.

2021ರ ಜುಲೈನಲ್ಲಿ ಈ ವರದಿ ಹೊರಬಂದಾಗ ಕೇಂದ್ರದ ಆಯುಷ್ ಸಚಿವಾಲಯ ಅದನ್ನು ತಳ್ಳಿಹಾಕಿತು. ರೋಗಿಗಳು ತಿಂದ ಗಿಡ ಅಮೃತಬಳ್ಳಿಯೇ ಎಂದು ಖಚಿತಪಡಿಸಿಲ್ಲ, ಅದನ್ನೇ ಹೋಲುವ ಟಿನೋಸ್ಪೊರಾ ಕ್ರಿಸ್ಪಾ ಆಗಿರಬಹುದು ಎಂಬುದು ಸಚಿವಾಲಯದ ವಾದ. ಕ್ರಿಸ್ಪಾದ ಕಾಂಡದ ಮೇಲೆ ನರುಳ್ಳೆಯಂಥ ಗಂಟುಗಳು ಒತ್ತೊತ್ತಾಗಿರುತ್ತವೆ, ಎಲೆ ಮಾತ್ರ ಎರಡರದ್ದೂ ಹೃದಯದಾಕಾರ. ಮರುವರ್ಷ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಬಳಸಲು ಶುರುಮಾಡಿ ಸುಮಾರು ಒಂದೂವರೆ ತಿಂಗಳಿಗೆ ಲಕ್ಷಣಗಳು ಕಂಡಿದ್ದವು, ಕೆಲವರಿಗೆ ಇನ್ನೂ ಬೇಗ. ರೋಗಿಗಳಿಂದ ಪಡೆದ ಕೆಲವು ಮಾದರಿಗಳನ್ನು ಪರೀಕ್ಷಿಸಿ, ಅವು ಅಮೃತಬಳ್ಳಿಯವೇ ಎಂದೂ ದಾಖಲಿಸಿದರು. ಸಚಿವಾಲಯ ಅದನ್ನೂ ಒಪ್ಪಲಿಲ್ಲ. ಗುಡೂಚಿ ಸುರಕ್ಷಿತ ಎಂಬ ನಿಲುವಿಗೇ ಅಂಟಿಕೊಂಡಿತು.

ಯಾರು ಸರಿ? ಲಕ್ಷಾಂತರ ಜನ ಅಮೃತಬಳ್ಳಿ ಕುಡಿದಿದ್ದಾರೆ, ಬಹುಪಾಲು ಮಂದಿಗೆ ತೊಂದರೆಯಾಗಿಲ್ಲ, ಇದು ನಿಜ. ಕೆಲವರಿಗೆ ಗಂಭೀರ ಹಾನಿಯಾಗಿದೆ ಎಂಬುದಕ್ಕೆ ವೈದ್ಯಕೀಯ ದಾಖಲೆಯಿದೆ, ಇದೂ ನಿಜ. ಇನ್ನು ‘ಅದು ಬೇರೆ ಗಿಡ’ ಎಂಬ ವಾದವನ್ನು ಪೂರ್ತಿ ಒಪ್ಪಿಕೊಂಡರೂ ನಿಮಗೆ ಅದರಿಂದ ಸಮಾಧಾನ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಗಿಡ ಅದಲುಬದಲಾಗುವಷ್ಟು ಸಡಿಲವಾಗಿದ್ದರೆ, ದಾದರ್ ಮಾರುಕಟ್ಟೆಯಲ್ಲಿ ಕಟ್ಟು ಕೊಳ್ಳುವವರು, ಪಾರ್ಕಿನ ಬೇಲಿಯಿಂದ ಕಿತ್ತು ತರುವವರು ನರುಳ್ಳೆ ಎಣಿಸುತ್ತಾ ಕೂರಬೇಕೆ? ಬ್ರಸೆಲ್ಸ್‌ನ ಮಹಿಳೆಯರಿಗೂ ಆದದ್ದು ಹೀಗೇ ಅಲ್ಲವೇ?

ಸರ್ಕಾರದ್ದೇ ಪುಸ್ತಕವನ್ನು ತೆರೆದು ನೋಡಿ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಗುಡೂಚಿ ಎಂದರೆ ಬಲಿತ ಕಾಂಡದ ಒಣ ತುಂಡು, ಎಲೆಯಲ್ಲ. 2020ರ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯ ಹೊರಡಿಸಿದ ಕೋವಿಡ್ ಮಾರ್ಗಸೂಚಿಯಲ್ಲಿ ಗುಡೂಚಿ ಘನವಟಿಗೆ ದಿನಕ್ಕೆ ಎರಡು ಸಲ 500 ಮಿಲಿಗ್ರಾಂ, 15 ದಿನ ಅಥವಾ ಒಂದು ತಿಂಗಳು, ಇಲ್ಲವೇ ಆಯುರ್ವೇದ ವೈದ್ಯರು ಹೇಳಿದಂತೆ ಎಂದಿತ್ತು. ಭಾಗ, ಪ್ರಮಾಣ, ದಿನ, ವೈದ್ಯ, ಎಬರ್ಸ್ ಪಪೈರಸ್ಸಿನಂತೆಯೇ ಎಲ್ಲವೂ ಇತ್ತು. ವಾಟ್ಸ್‌ಆ್ಯಪ್ಪಿನಲ್ಲಿ ಬರುವಷ್ಟರಲ್ಲಿ ಉಳಿದದ್ದು ಗಿಡದ ಹೆಸರೊಂದೇ.

ಜಾಹೀರಾತಿನ ಮೇಲಿನ ಹಿಡಿತವೂ ಈಗ ಸಡಿಲ. ಆಯುಷ್ ಔಷಧಗಳ ಜಾಹೀರಾತಿಗೆ ರಾಜ್ಯದ ಅಧಿಕಾರಿಗಳ ಪೂರ್ವಾನುಮತಿ ಬೇಕೆಂಬ ನಿಯಮ (ಔಷಧ ನಿಯಮಗಳ 170ನೇ ನಿಯಮ) 2018ರಲ್ಲಿ ಬಂದಿತ್ತು. 2024ರ ಜುಲೈನಲ್ಲಿ ಕೇಂದ್ರ ಅದನ್ನು ತೆಗೆದುಹಾಕಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಗಿದು ತಡೆಯೂ ತೆರವಾಯಿತು. ಸುಳ್ಳು ಜಾಹೀರಾತಿನ ವಿರುದ್ಧ ಬೇರೆ ಕಾನೂನುಗಳಿವೆ, ಆದರೆ ಅವು ಕೆಲಸ ಮಾಡುವುದು ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದ ಮೇಲೆ.

ನೀವು ಏನು ಮಾಡಬಹುದು?

ಆಟೊಇಮ್ಯೂನ್ ಕಾಯಿಲೆ ಇರುವವರು (ಕೆಲವು ಬಗೆಯ ಥೈರಾಯ್ಡ್ ತೊಂದರೆ, ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್), ಲಿವರ್ ಕಾಯಿಲೆ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಅಮೃತಬಳ್ಳಿಯಿಂದ ದೂರ ಇರುವುದೇ ಒಳ್ಳೆಯದು. ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂಬ ಮಾತು ಕೇಳಲು ಹಿತ. ಆದರೆ ಈ ಕಾಯಿಲೆಗಳಲ್ಲಿ ತೊಂದರೆ ಇರುವುದೇ ದಾರಿ ತಪ್ಪಿದ ಇಮ್ಯುನಿಟಿಯಲ್ಲಿ. ಅದನ್ನು ತಗ್ಗಿಸಲೆಂದೇ ನೀವು ಮಾತ್ರೆ ನುಂಗುತ್ತಿರುತ್ತೀರಿ. ಸಕ್ಕರೆ ಕಾಯಿಲೆಗೆ ಎಲೆ ಜಗಿಯುವವರು ತಮ್ಮ ಮಾತ್ರೆ, ಇನ್ಸುಲಿನ್ ಕೊಡುವ ವೈದ್ಯರಿಗೆ ಇದನ್ನು ಹೇಳಲೇಬೇಕು. ಎಲೆಯನ್ನು ನಂಬಿ ಮಾತ್ರೆ ಬಿಡಬೇಡಿ.

ಬಳಸುತ್ತಿದ್ದರೆ ಈ ಲಕ್ಷಣಗಳ ಮೇಲೆ ಕಣ್ಣಿಡಿ: ವಿಪರೀತ ಸುಸ್ತು, ಹಸಿವೆ ಇಲ್ಲದಿರುವುದು, ವಾಕರಿಕೆ, ಮೈ ತುರಿಕೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಕಣ್ಣಿನ ಬಿಳಿಭಾಗ ಹಳದಿಯಾಗುವುದು. ಕಂಡ ದಿನವೇ ಬಳ್ಳಿ ನಿಲ್ಲಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಹೆಚ್ಚಿನವರಲ್ಲಿ ಬಳಕೆ ನಿಲ್ಲಿಸಿದ ಮೇಲೆ ಲಿವರ್ ಚೇತರಿಸಿಕೊಂಡಿದೆ, ಕೆಲವರಿಗೆ ಸ್ಟೀರಾಯ್ಡ್ ಬೇಕಾಗಿದೆ. ಮಾತು ತೆರೆದು ಮಾತೇ, ಒಂದು ಅಪಾಯವನ್ನು ಇಲ್ಲೇ ಹೇಳಿಬಿಡಬೇಕು: ಕಾಮಾಲೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ನಾಟಿ ಔಷಧ. ಒಂದು ಬಳ್ಳಿಯಿಂದ ಲಿವರ್‌ಗೆ ಪೆಟ್ಟಾಗಿದ್ದಾಗ ಅದರ ಮೇಲೆ ಇನ್ನೊಂದು ಸೊಪ್ಪಿನ ರಸ ಸುರಿದರೆ ಕಳೆದುಹೋಗುವುದು ಅಮೂಲ್ಯ ದಿನಗಳು.

ಹಿರಿಯರನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ‘ಬೇರೆ ಏನಾದರೂ ಔಷಧ ತಗೊಳ್ತಿದ್ದೀರಾ?’ ಎಂದು ಡಾಕ್ಟರು ಕೇಳಿದರೆ ಅಪ್ಪ ‘ಇಲ್ಲ’ ಎನ್ನುತ್ತಾರೆ. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಕಷಾಯ ಔಷಧವೇ ಅಲ್ಲ, ಬೆಳಗಿನ ಕಾಫಿಯ ಹಾಗೆ. ಬೈಯುತ್ತಾರೆಂಬ ಅಳುಕೂ ಇರುತ್ತದೆ. ಹಾಗಾಗಿ ಪ್ರಶ್ನೆಯನ್ನು ಮನೆಯಲ್ಲೇ, ಬೇರೆ ಥರ ಕೇಳಿ: ‘ಬೆಳಗ್ಗೆ ಎದ್ದ ಮೇಲೆ ಏನೇನು ಕುಡೀತೀರಿ? ಯಾರು ಹೇಳಿದ್ದು? ಎಷ್ಟು ದಿನದಿಂದ?’ ಇದು ಗೊತ್ತಿಲ್ಲದಿದ್ದರೆ ವೈದ್ಯರು ಇದನ್ನು ಆಟೊಇಮ್ಯೂನ್ ಕಾಯಿಲೆಯೆಂದೇ ತಿಳಿದು ದೀರ್ಘಕಾಲದ ಸ್ಟೀರಾಯ್ಡ್ ಶುರುಮಾಡುವ ಸಾಧ್ಯತೆ ಇದೆ.

ಆಯುರ್ವೇದವನ್ನೇ ಆರಿಸಿಕೊಳ್ಳುವುದಾದರೆ ಓದಿ ನೋಂದಾಯಿಸಿಕೊಂಡ ಆಯುರ್ವೇದ ವೈದ್ಯರ ಬಳಿ ಹೋಗಿ, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಟಲಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಗಿಡದ ಸಸ್ಯಶಾಸ್ತ್ರೀಯ ಹೆಸರು ಟಿನೋಸ್ಪೊರಾ ಕಾರ್ಡಿಫೋಲಿಯಾ ಎಂದು, ಮತ್ತು ಪ್ರಮಾಣ ಇದೆಯೇ ನೋಡಿ. ತೊಂದರೆಯಾದರೆ ಸರ್ಕಾರದ ಔಷಧ ಅಡ್ಡಪರಿಣಾಮ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ಕರೆ ಮಾಡಿ ದಾಖಲಿಸಬಹುದು, ಕರೆ ಉಚಿತ.

ಆಸ್ಪತ್ರೆಗೆ ಹೊರಡುವಾಗ ಬಾಟಲಿಯನ್ನು ಎಸೆಯಬೇಡಿ, ಜೊತೆಗೆ ಒಯ್ಯಿರಿ. ಮನೆಯ ಬಳ್ಳಿಯಾದರೆ ಎಲೆ, ಕಾಂಡ ಎರಡೂ ಸ್ಪಷ್ಟವಾಗಿ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ಕಾಂಡದ ಒಂದು ತುಂಡನ್ನು ಒಣ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ.